ಹಳೆಯ ಹಾಡು, ಹೊಸ ದನಿ

ಹಳೆಯ ಹಾಡಿಗೆ ಹೊಸ ವಾದ್ಯ ತೊಡಿಸುವುದು ಸೇವೆಯೋ, ದ್ರೋಹವೋ? ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ತಂಡದ ಮೊದಲ ಧ್ವನಿಮುದ್ರಿಕೆ ‘ಅಂತರಾಗ್ನಿ’ (2008) ಕೇಳಿದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಶಿಶುನಾಳ ಶರೀಫರ ಸೋರುವ ಮಾಳಿಗೆಯ ಪದ ಅಲ್ಲಿ ಗಿಟಾರು, ಡ್ರಮ್ಮುಗಳ ನಡುವಿನಿಂದ ಎದ್ದು ಬರುತ್ತದೆ. ಶರೀಫರ ಧಾಟಿ ಕೆಟ್ಟಿತೆಂದು ಮರುಗುವವರುಂಟು. ಆದರೆ ಶರೀಫರು ತೀರಿಕೊಂಡದ್ದು 1889ರಲ್ಲಿ. ನಮ್ಮ ಕಿವಿಗೆ ಒಗ್ಗಿದ ಧಾಟಿಗಳಲ್ಲಿ ಹಲವು ನಮ್ಮ ಕಾಲದವರೇ ಆದ ಸಿ. ಅಶ್ವಥ್ ಕಟ್ಟಿದವು. ನಿನ್ನೆಯ ಹೊಸತನ್ನೇ ನಾವು ಸನಾತನವೆಂದು ಕಾಯುತ್ತಿದ್ದೇವೆ.

ಹಾಗೆಂದು ಎಲ್ಲವನ್ನೂ ಬದಲಿಸಬಹುದೆ? ಇದಕ್ಕೆ ಉತ್ತರ ಅದೇ ಮೈಸೂರು ಜಿಲ್ಲೆಯಲ್ಲಿದೆ. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಗ್ಯೂಮೆ ಮಠದ ಟಿಬೆಟಿ ಭಿಕ್ಷುಗಳು ಒಂದೇ ಕೊರಳಿನಿಂದ ಹಲವು ಸ್ವರ ಹೊಮ್ಮುವಂತೆ ಮಂತ್ರ ಪಠಿಸುತ್ತಾರೆ. 1433ರಲ್ಲಿ ಟಿಬೆಟಿನಲ್ಲಿ ಹುಟ್ಟಿದ ಆ ಮಠ ನೆಲ ಕಳೆದುಕೊಂಡು ಇಲ್ಲಿಗೆ ಬಂದಿತು, ದನಿಯನ್ನು ಬಿಡಲಿಲ್ಲ. ಅಲ್ಲಿ ದನಿಯೇ ದೇಹ. ಅದು ಹೋದರೆ ಉಳಿಯುವುದೇನು?

ಶರೀಫರ ಪದಕ್ಕಾದರೋ ದನಿ ಬಟ್ಟೆ, ಮಾತು ಜೀವ. ಕೇಳಿದವನು ತನ್ನ ಮನಸ್ಸಿನ ಮಾಳಿಗೆಯತ್ತ ಒಮ್ಮೆ ತಲೆಯೆತ್ತಿ ನೋಡಿದರೆ ಗಿಟಾರು ಸೇವೆ ಮಾಡಿತು. ಬರಿಯ ಕಾಲು ಕುಣಿದರೆ, ತಂಬೂರಿಯೊಡನೆ ಹಾಡಿದರೂ ಅದು ದ್ರೋಹವೇ.