ಅದನ್ನು ಬರೆದದ್ದು ನೀವೇನಾ?

ಬೆಳಿಗ್ಗೆ ಏಳು ಗಂಟೆಗೆ ಸಾಗರದಿಂದ ಫೋನ್ ಬಂತು. “ನನ್ನ ಚಿತ್ರಗಳು ಕಾಣ್ತಿಲ್ಲ. ಬರೀ ಬೂದು ಬಣ್ಣದ ಚೌಕ ಬರ್ತಿದೆ” ಎಂದರು ಮೇಡಂ. ಅವರು ನಿವೃತ್ತ ಶಾಲಾ ಶಿಕ್ಷಕಿ. ಸುತ್ತಲಿನ ಹಳ್ಳಿಗಳ ದೀವರ ಮನೆಗಳಿಗೆ ಹೋಗಿ ಗೋಡೆಯ ಮೇಲಿನ ಹಸೆ ಚಿತ್ತಾರ, ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಗಳ ಫೋಟೊ ತೆಗೆಯುತ್ತಿದ್ದರು. ಯಾರ ಮನೆ, ಬರೆದ ಕೈ ಯಾರದು ಎಂದು ನಾಲ್ಕು ಸಾಲು ಸೇರಿಸಿ ನಮ್ಮ ಸರ್ವರಿನಲ್ಲಿ ಹಾಕುತ್ತಿದ್ದರು. ಆ ಮನೆಗಳಲ್ಲಿ ಕೆಲವು ಈಗಿಲ್ಲ. ಮಣ್ಣಿನ ಗೋಡೆ ಕೆಡವಿ ಆರ್‌ಸಿಸಿ ಮನೆ ಕಟ್ಟಿದ್ದಾರೆ.

‘ನಮ್ಮ ಸರ್ವರ್’ ಎಂದರೇನೆಂದು ಹೇಳಬೇಕು. 2019ರ ಕೊನೆಯಲ್ಲಿ ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದಾಗ ನಮ್ಮ ದೇಶದ ಬಹಳಷ್ಟು ಜನ ಸಿಟ್ಟಿನಿಂದ ಮ್ಯಾಸ್ಟೊಡಾನ್ ಕಡೆಗೆ ಹೊರಟರು. ಹೆಚ್ಚಿನವರು ಕೆಲವೇ ದಿನಗಳಲ್ಲಿ ವಾಪಸಾದರು. ನಾನು ಮಾತ್ರ ಅಲ್ಲೇ ಉಳಿದೆ. ಮ್ಯಾಸ್ಟೊಡಾನ್ ಒಂದೇ ಕಂಪನಿಯ ತಾಣವಲ್ಲ. ಯಾರು ಬೇಕಾದರೂ ತಮ್ಮದೇ ಸರ್ವರ್ ಇಟ್ಟುಕೊಳ್ಳಬಹುದು. ಬೇರೆ ಬೇರೆ ಕಂಪನಿಯ ಇಮೇಲ್‌ಗಳು ಒಂದಕ್ಕೊಂದು ತಲುಪುವ ಹಾಗೆ, ಈ ಸರ್ವರುಗಳು ಆಕ್ಟಿವಿಟಿಪಬ್ ಎಂಬ ಒಪ್ಪಿತ ನಿಯಮದ ಮೂಲಕ ಮಾತಾಡಿಕೊಳ್ಳುತ್ತವೆ. ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರಲ್ಲಿ ಅದಕ್ಕೆ ಮುದ್ರೆ ಹಾಕಿತು. ಬಾಡಿಗೆ ಯಂತ್ರವೊಂದರಲ್ಲಿ ನಾನೂ ಒಂದನ್ನು ಶುರು ಮಾಡಿದೆ. ಕವಿಗಳು, ಮೇಷ್ಟ್ರುಗಳು, ಓದುವ ಹುಚ್ಚಿನವರು ಸೇರಿ ನಲವತ್ತು ಜನ ಬಂದರು. ‘ಇಲ್ಲಿ ಯಾವ ಕಂಪನಿಯೂ ನಿಮ್ಮನ್ನು ಹೊರಹಾಕಲಾರದು, ನಿಮ್ಮ ಮಾತಿಗೆ ನೀವೇ ಒಡೆಯರು’ ಎಂದು ಅವರನ್ನು ಕರೆತಂದವನು ನಾನೇ.

ಇಂಥ ಸರ್ವರಿನ ದೊಡ್ಡ ತಲೆನೋವು ಜಾಗದ್ದು. ನಮ್ಮವರು ಹಾಕಿದ ಚಿತ್ರಗಳ ಜೊತೆಗೆ, ನಮ್ಮವರು ಹಿಂಬಾಲಿಸುವ ಹೊರಗಿನವರ ಚಿತ್ರಗಳ ನಕಲೂ ಬಂದು ಕೂರುತ್ತದೆ. ಹೊರಗಿನದನ್ನು ಅಳಿಸಬಹುದು, ಮೂಲ ಅವರ ಸರ್ವರಿನಲ್ಲಿ ಇರುತ್ತದೆ. ನಮ್ಮದನ್ನು ಅಳಿಸಿದರೆ ಮುಗಿಯಿತು. ಅಳಿಸಲು ಮ್ಯಾಸ್ಟೊಡಾನ್‌ನಲ್ಲೇ ಒಂದು ಆದೇಶವಿದೆ. ಆದರೆ ಹಿಂದೊಮ್ಮೆ ಯಂತ್ರ ಬದಲಿಸಿದಾಗ ನಾನು ಫೋಲ್ಡರುಗಳನ್ನು ನನಗೆ ತೋಚಿದಂತೆ ಜೋಡಿಸಿದ್ದೆ, ಹಳೆಯ ಫೋಲ್ಡರೊಂದರಲ್ಲಿ ನಮ್ಮದು ಹೊರಗಿನದು ಬೆರೆತುಹೋಗಿತ್ತು. ಆದ್ದರಿಂದ ಬೇರೆಯದೇ ಸ್ಕ್ರಿಪ್ಟ್ ಬೇಕಾಯಿತು. ಆಫೀಸಿನಲ್ಲಿ ದಿನವೂ ಬಳಸುವ ಎಐ ಉಪಕರಣಕ್ಕೆ ಹೇಳಿದೆ. ಅರ್ಧ ನಿಮಿಷದಲ್ಲಿ ನಲವತ್ತು ಸಾಲು ಬಂತು, ಪ್ರತಿ ಹಂತಕ್ಕೂ ಅಚ್ಚುಕಟ್ಟಾದ ಟಿಪ್ಪಣಿಯೊಂದಿಗೆ. ಕಣ್ಣಾಡಿಸಿದೆ. ಅಳಿಸುವ ಮುಂಚೆ ಪಟ್ಟಿ ತೋರಿಸು ಎಂದೆ, ತೋರಿಸಿತು. ಕಡತಗಳ ಹೆಸರೆಲ್ಲ ಅರ್ಥವಿಲ್ಲದ ಅಕ್ಷರ, ಅಂಕಿಗಳ ಸಾಲು. ನೋಡಿದರೂ ಒಂದೇ, ಬಿಟ್ಟರೂ ಒಂದೇ. ರಾತ್ರಿ ಹನ್ನೊಂದಕ್ಕೆ ಸ್ಕ್ರಿಪ್ಟ್ ಓಡಿಸಿ ಮಲಗಿದೆ.

ಬ್ಯಾಕಪ್ ಇತ್ತು, ಬರಹಗಳದ್ದು ಮಾತ್ರ. ಚಿತ್ರಗಳಿಗೆ ಖರ್ಚು ಜಾಸ್ತಿ ಎಂದು ಮುಂದೂಡುತ್ತಾ ಬಂದಿದ್ದೆ. ಮೇಡಂ ತಮ್ಮ ಫೋನಿನಲ್ಲಿ ಜಾಗ ಸಾಲದೆ ಹಳೆಯ ಫೋಟೊಗಳನ್ನು ಅಳಿಸಿದ್ದರು. “ನಿಮ್ಮಲ್ಲಿ ಇದೆಯಲ್ಲ ಅಂತ” ಎಂದರು. ಇನ್ನೂರಕ್ಕೂ ಹೆಚ್ಚು ಚಿತ್ರ ಹೋಗಿದ್ದವು. ಆದದ್ದನ್ನು ವಿವರಿಸಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಆ ಪ್ರೋಗ್ರಾಮನ್ನ ಬರೆದದ್ದು ನೀವೇನಾ?”

ಹೌದು ಎಂದರೆ ಸುಳ್ಳು. ಅಲ್ಲ ಎಂದರೆ ಇನ್ನೂ ದೊಡ್ಡ ಸುಳ್ಳು ಅನ್ನಿಸಿತು.

ಓಲೆಗರಿ ಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆಯುತ್ತಿದ್ದ ಒಂದು ಮಾತಿದೆ. ಮೂಲದಲ್ಲಿ ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ದೋಷ ನನ್ನ ಮೇಲೆ ಹೊರಿಸಬೇಡಿ ಎಂಬ ಅರ್ಥದ್ದು. ನನ್ನ ನಾಲಿಗೆಯ ತುದಿಗೆ ಬಂದದ್ದೂ ಅದೇ ಮಾತು. ಆದರೆ ಲಿಪಿಕಾರನ ಮುಂದೆ ಒಂದು ಮೂಲ ಇತ್ತು, ಆ ಮೂಲದ ಹಿಂದೆ ಒಬ್ಬ ಕವಿಯೋ ಶಾಸ್ತ್ರಕಾರನೋ ಇದ್ದ. ದೋಷ ಹೋಗಿ ನಿಲ್ಲಲು ಒಂದು ಜಾಗ ಇತ್ತು. ನಾನು ಯಾರತ್ತ ಬೆರಳು ತೋರಿಸಲಿ?

ಆಫೀಸಿನ ಗೆಳೆಯನೊಬ್ಬನಿಗೆ ಇದನ್ನು ಹೇಳಿದಾಗ ಅವನು ನಕ್ಕ. “ಕಂಪೈಲರ್ ಉಗುಳೋ ಮೆಷಿನ್ ಕೋಡ್ ಎಂದಾದ್ರೂ ಓದಿದ್ದೀಯೇನೋ? ಮ್ಯಾಸ್ಟೊಡಾನ್ ಕೋಡನ್ನಾದ್ರೂ ಪೂರ್ತಿ ಓದಿದ್ದೀಯಾ? ಅದೆಲ್ಲ ನಂಬ್ತೀಯ, ಇದನ್ನ ನಂಬಿದ್ರೆ ಪಾಪ ಬಂತಾ?” ಇದು ಬಲವಾದ ವಾದ, ಜಾರಿಕೊಳ್ಳುವಂಥದ್ದಲ್ಲ. ಕಂಪೈಲರ್ ವಿಷಯಕ್ಕೆ ಉತ್ತರ ಸುಲಭ: ಅದು ಬರೆದುಕೊಟ್ಟ ಅರ್ಥವನ್ನು ನಿಗದಿತ ನಿಯಮದಂತೆ ಅನುವಾದಿಸುತ್ತದೆ, ನಾನು ಹೇಳದೆ ಬಿಟ್ಟದ್ದನ್ನು ಊಹಿಸಿ ತುಂಬಿಸುವುದಿಲ್ಲ. ಎರಡನೆಯದು ಕಷ್ಟ. ಮ್ಯಾಸ್ಟೊಡಾನ್ ಕೋಡನ್ನು ನಾನು ನಿಜಕ್ಕೂ ಓದಿಲ್ಲ. ಆದರೆ ಅದರ ಪ್ರತಿ ತಿರುವಿನಲ್ಲೂ ಯಾರೋ ಒಬ್ಬರು ‘ಇದು ಹೀಗೇಕೆ’ ಎಂದು ತಲೆಕೆಡಿಸಿಕೊಂಡಿದ್ದಾರೆ, ಕೇಳಿದರೆ ಜಗಳವಾಡಿಯಾದರೂ ಹೇಳುತ್ತಾರೆ. ನಾನು ಓಡಿಸಿದ ನಲವತ್ತು ಸಾಲಿಗೆ ಅಂಥವರು ಯಾರೂ ಇರಲಿಲ್ಲ.

ಡೆನ್ಮಾರ್ಕಿನ ಪೀಟರ್ ನೌರ್ 1985ರಲ್ಲಿ ಬರೆದ ಒಂದು ಪ್ರಬಂಧ ಈಚೆಗೆ ನಮ್ಮ ಕಸುಬಿನವರ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಅವರ ವಾದದ ಸಾರ ಇಷ್ಟು: ಪ್ರೋಗ್ರಾಮ್ ಎಂದರೆ ಕಡತದಲ್ಲಿರುವ ಪಠ್ಯವಲ್ಲ, ಬರೆದವರ ತಲೆಯಲ್ಲಿ ಕಟ್ಟಿಕೊಂಡ ತಿಳಿವಳಿಕೆ. ಆ ಜನ ಚದುರಿಹೋದರೆ ಕೋಡ್ ಓಡುತ್ತಿದ್ದರೂ ಪ್ರೋಗ್ರಾಮ್ ಸತ್ತಂತೆ. ಮೊದಲ ಸಲ ಓದಿದಾಗ ಇದು ಅತಿಯಾಯಿತು ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಹಳೆಯ ಫೋಲ್ಡರಿನಲ್ಲಿ ನಮ್ಮದು ಹೊರಗಿನದು ಬೆರೆತಿದೆ ಎಂಬ ಸಂಗತಿ ಯಾವ ಕಡತದಲ್ಲೂ ಇರಲಿಲ್ಲ, ನನ್ನ ತಲೆಯಲ್ಲಿ ಮಾತ್ರ ಇತ್ತು. ನಾನೇ ಬರೆದಿದ್ದರೆ ಆ ಸಾಲಿಗೆ ಬಂದಾಗ ಕೈ ನಿಲ್ಲುತ್ತಿತ್ತು. ಉಪಕರಣಕ್ಕೆ ಹೇಳುವಾಗ ಅದು ನೆನಪಿಗೇ ಬರಲಿಲ್ಲ. ಬೇರೆಯವರು ಬರೆದುಕೊಡುತ್ತಾರೆ ಎಂದಾಗ ಮನಸ್ಸು ಆ ಮೂಲೆಗೆ ಹೋಗುವುದೇ ಇಲ್ಲ.

2025ರಲ್ಲಿ ಮೆಟರ್ ಎಂಬ ಸಂಸ್ಥೆ 16 ಅನುಭವಿ ಡೆವಲಪರುಗಳ ಮೇಲೆ ನಡೆಸಿದ ಅಧ್ಯಯನ ನಮ್ಮಲ್ಲಿ ಬಹಳ ಜಗಳ ಎಬ್ಬಿಸಿತು. ಎಐ ಬಳಸಿದಾಗ ಅವರ ಕೆಲಸಕ್ಕೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿದಿತ್ತು, ಅವರು ಮಾತ್ರ ಶೇ. 20ರಷ್ಟು ಬೇಗ ಮುಗಿಸಿದೆವೆಂದೇ ನಂಬಿದ್ದರು. ಉಪಕರಣಗಳು ಅಲ್ಲಿಂದೀಚೆಗೆ ಬದಲಾಗಿವೆ, ವೇಗದ ಲೆಕ್ಕ ತಪ್ಪಲೂಬಹುದು. ನನಗೆ ನಾಟಿದ್ದು ವೇಗವಲ್ಲ. ತಮ್ಮದೇ ಕೆಲಸದ ಬಗ್ಗೆ ಅಷ್ಟು ಪಳಗಿದವರ ಅಂದಾಜು ತಲೆಕೆಳಗಾದದ್ದು.

ಕೆಲವು ಯೋಜನೆಗಳು ಬಾಗಿಲು ಹಾಕಿಕೊಂಡವು. 2024ರ ಏಪ್ರಿಲ್‌ನಲ್ಲಿ ಜೆಂಟೂ ಲಿನಕ್ಸ್, ಮರು ತಿಂಗಳು ನೆಟ್‌ಬಿಎಸ್‌ಡಿ, ಇಂಥ ಕೋಡ್ ತಮಗೆ ಬೇಡ ಎಂದವು. ಲಿನಕ್ಸ್ ಕರ್ನೆಲ್‌ಗೆ ಕೋಡ್ ಕಳಿಸುವವರು 2004ರಿಂದಲೂ ತಮ್ಮ ಹೆಸರಿನ ಒಂದು ರುಜುವಿನ ಸಾಲು ಸೇರಿಸುತ್ತಾರೆ. ಆ ರುಜು ಹೇಳುವುದು ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂದು. ‘ಇದು ನನಗೆ ಅರ್ಥವಾಗಿದೆ’ ಎಂದಲ್ಲ. ಆಗ ಅದನ್ನು ಬೇರೆಯಾಗಿ ಹೇಳಬೇಕೆಂದು ಯಾರಿಗೂ ಹೊಳೆದಿರಲಿಕ್ಕಿಲ್ಲ.

ಈ ಹಕ್ಕಿಗೂ ಅರ್ಥಕ್ಕೂ ಇರುವ ಬಿರುಕು ವಿಕೇಂದ್ರೀಕೃತ ಜಾಲಗಳಲ್ಲೂ ಇದೆ. ಮ್ಯಾಸ್ಟೊಡಾನ್‌ನಲ್ಲಿ ಒಂದು ಸರ್ವರ್ ಬಿಟ್ಟು ಇನ್ನೊಂದಕ್ಕೆ ಹೋಗಬಹುದು. ಹೋದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಬರೆದದ್ದು ಬರುವುದಿಲ್ಲ. ಬ್ಲೂಸ್ಕೈಯ ಎಟಿ ಪ್ರೋಟೊಕಾಲ್ ಈ ಕೊರತೆ ತುಂಬಲು ಹೊರಟಿತು. ಅಲ್ಲಿ ಬರೆದದ್ದೆಲ್ಲ ಸಹಿ ಹಾಕಿದ ಒಂದು ಗಂಟಿನಲ್ಲಿರುತ್ತದೆ, ಗಂಟು ಹೊತ್ತು ನಡೆಯಬಹುದು. ಆದರೆ ಆ ಸಹಿಯ ಕೀಲಿ ಬಹುಪಾಲು ಬಳಕೆದಾರರ ಕೈಯಲ್ಲಿಲ್ಲ, ಅವರನ್ನು ಇಟ್ಟುಕೊಂಡ ಸರ್ವರಿನಲ್ಲೇ ಇದೆ. ಆಕ್ಟಿವಿಟಿಪಬ್ ರೂಪಿಸಿದವರಲ್ಲಿ ಒಬ್ಬರಾದ ಕ್ರಿಸ್ಟೀನ್ ಲೆಮ್ಮರ್-ವೆಬ್ಬರ್ 2024ರ ನವೆಂಬರ್‌ನಲ್ಲಿ ಬ್ಲೂಸ್ಕೈ ನಿಜಕ್ಕೂ ಎಷ್ಟು ವಿಕೇಂದ್ರೀಕೃತ ಎಂದು ದೀರ್ಘವಾಗಿ ಪ್ರಶ್ನಿಸಿದರು. ಅಲ್ಲಿರುವುದು ಹೆಚ್ಚೆಂದರೆ ‘ನಂಬಬಹುದಾದ ನಿರ್ಗಮನ’ ಎಂಬುದು ಅವರ ಅಭಿಪ್ರಾಯ. ಆ ವಾದ ವಿವಾದಗಳನ್ನೆಲ್ಲ ನಾನು ಆಸಕ್ತಿಯಿಂದ ಓದಿದ್ದೆ, ಮ್ಯಾಸ್ಟೊಡಾನ್ ಕಡೆಯವನಾಗಿ ಒಳಗೊಳಗೇ ಬೀಗಿಯೂ ಇದ್ದೆ.

ಸಾಗರದ ಮೇಡಂಗೆ ಬಿಟ್ಟುಹೋಗುವ ಹಕ್ಕು ಮೊದಲ ದಿನದಿಂದಲೂ ಇತ್ತು. ಎಲ್ಲವನ್ನೂ ಇಳಿಸಿಕೊಳ್ಳುವ ಗುಂಡಿಯೂ ಅವರ ಪುಟದಲ್ಲೇ ಇದೆ. ಅದು ಯಾಕೆ ಬೇಕಾಗುತ್ತದೆಂದು ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ. ಅಮೆರಿಕದ ಕಂಪನಿಯ ಕೈಯಿಂದ ಬಿಡಿಸಿ ಅವರನ್ನು ನನ್ನ ಕೈಗೆ ಒಪ್ಪಿಸಿದ್ದೆ, ಅಷ್ಟೇ. ಅವರ ಸ್ವಾತಂತ್ರ್ಯ ಎಂದು ನಾನು ಕರೆಯುತ್ತಿದ್ದುದು, ಆ ಯಂತ್ರದ ಬಗ್ಗೆ ನನಗಿದ್ದ ತಿಳಿವಳಿಕೆಯ ಮೇಲೆ ನಿಂತಿತ್ತು. ಒಂದು ರಾತ್ರಿ ನಿದ್ದೆ ಬರುತ್ತಿದೆಯೆಂದು ಅದನ್ನೇ ಬೇರೆ ಕಡೆ ವಹಿಸಿಬಿಟ್ಟೆ.

ಅಂದು ಫೋನಿನಲ್ಲಿ ಕೊನೆಗೆ “ಬರೆಸಿದ್ದು ನಾನು, ಓದದೆ ಓಡಿಸಿದ್ದೂ ನಾನು” ಎಂದೆ. “ಮಕ್ಕಳ ಹೋಮ್‌ವರ್ಕ್ ಥರ” ಎಂದರು.

ಎಐ ಬಳಸುವುದನ್ನು ನಾನು ಬಿಟ್ಟಿಲ್ಲ, ಬಿಟ್ಟೆನೆಂದು ಹೇಳಿಕೊಳ್ಳುವುದೂ ಸುಳ್ಳಾಗುತ್ತದೆ. ಚಿತ್ರಗಳಿಗೂ ಈಗ ಬ್ಯಾಕಪ್ ಇದೆ. ಹೋದ ವಾರ ಮತ್ತೆ ಜಾಗ ತುಂಬಿತು. ಮತ್ತೆ ಒಂದು ಸ್ಕ್ರಿಪ್ಟ್ ಬರೆಸಿದೆ, ಈ ಸಲ ಸಾಲು ಸಾಲಾಗಿ ಓದಿದೆ. ಓಡಿಸುವ ಮುಂಚೆ ಮೇಡಂಗೆ ಫೋನ್ ಮಾಡಿ, ಏನು ಅಳಿಸುತ್ತದೆ, ಏನನ್ನು ಮುಟ್ಟುವುದಿಲ್ಲ ಎಂದು ಕನ್ನಡದಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

“ತೊಂಬತ್ತು ದಿನಕ್ಕಿಂತ ಹಳೇದು ಅಂದ್ರಲ್ಲ, ಅದು ಯಾವತ್ತಿಂದ ಲೆಕ್ಕ? ಫೋಟೊ ತೆಗೆದ ದಿನದಿಂದಾನಾ, ಹಾಕಿದ ದಿನದಿಂದಾನಾ?”

ಎರಡೂ ಅಲ್ಲ. ಅದು ನೋಡುತ್ತಿದ್ದುದು ಕಡತದ ಮೇಲಿನ ತಾರೀಖು. ನಾನು ಯಂತ್ರ ಬದಲಿಸಿದ ದಿನ ಹಳೆಯ ಕಡತಗಳಿಗೆಲ್ಲ ಅದೇ ತಾರೀಖು ಬಿದ್ದಿತ್ತು. “ನೋಡಿ ಹೇಳ್ತೀನಿ ಮೇಡಂ” ಎಂದು ಫೋನ್ ಇಟ್ಟೆ.