ದುಃಸ್ವಪ್ನವು ಸುಳ್ಳೇ?



ವಿಷ್ಣುಸಹಸ್ರನಾಮದ ಪಾರಾಯಣ ನಡೆಯುವ ನಮ್ಮ ಮನೆಗಳಲ್ಲಿ ‘ದುಃಸ್ವಪ್ನನಾಶನ’ ಎಂಬ ನಾಮವು ಕೇಳಿಸದ ದಿನವಿಲ್ಲ. ಶ್ರೀಮದ್ಭಾಗವತದ ಅಷ್ಟಮಸ್ಕಂಧವು ಗಜೇಂದ್ರಮೋಕ್ಷದ ಶ್ರವಣಕ್ಕೂ ಇದೇ ಫಲವನ್ನು ಹೇಳಿರುತ್ತದೆ. ಮಲಗುವ ಮುನ್ನ ರಾಮ, ಸ್ಕಂದ, ಹನುಮಂತ, ಗರುಡ, ವೃಕೋದರರನ್ನು ಸ್ಮರಿಸುವ ಕ್ರಮವನ್ನು ಅಜ್ಜಿಯಂದಿರು ಮೊಮ್ಮಕ್ಕಳಿಗೆ ಕಲಿಸುತ್ತ ಬಂದಿದ್ದಾರೆ. ದುಃಸ್ವಪ್ನವೆಂಬುದು ಏನೂ ಅಲ್ಲದ ಸುಳ್ಳಾಗಿದ್ದಲ್ಲಿ ಅದರ ನಾಶಕ್ಕೆಂದು ಭಗವಂತನ ಒಂದು ನಾಮವೇ ಏಕೆ ಬೇಕಾಗಿತ್ತು? ಹೀಗಿದ್ದರೂ ನಡುರಾತ್ರಿ ಬೆದರಿ ಎದ್ದವರಿಗೆ ನಾವು ಹೇಳುವುದು ಎರಡೇ ಮಾತು. ‘ಕನಸು ತಾನೇ, ಸುಳ್ಳು, ಮಲಗು’ ಎಂಬುದೊಂದು. ಅದು ಮರುಕಳಿಸಿದರೆ ‘ಏನೋ ಮೆಟ್ಟಿಕೊಂಡಿದೆ, ಶಾಂತಿ ಮಾಡಿಸಬೇಕು’ ಎಂಬುದು ಇನ್ನೊಂದು. ಈ ಎರಡು ಮಾತುಗಳೂ ನಮ್ಮ ಸಿದ್ಧಾಂತಕ್ಕೆ ಒಪ್ಪುವವಲ್ಲವೆಂದು ನನ್ನ ಅಲ್ಪಮತಿಗೆ ತೋರಿದೆ.

ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದದ ಆರಂಭದಲ್ಲಿಯೇ ಸ್ವಪ್ನದ ವಿಚಾರ ಬಂದಿದೆ. ಜೀವನ ಮನಸ್ಸಿನಲ್ಲಿ ಅನಾದಿಯಿಂದ ನೆಲೆಸಿರುವ ಸಂಸ್ಕಾರಗಳನ್ನೇ ಉಪಾದಾನವಾಗಿಸಿಕೊಂಡು ಪರಮಾತ್ಮನು ಸ್ವೇಚ್ಛೆಯಿಂದ ಸ್ವಪ್ನಪದಾರ್ಥಗಳನ್ನು ಸೃಜಿಸಿ ಜೀವನಿಗೆ ತೋರಿಸುತ್ತಾನೆ ಎಂಬುದು ಅಲ್ಲಿ ಶ್ರೀಮದಾಚಾರ್ಯರ ನಿರ್ಣಯ. ಕನಸಿನ ಆನೆ ಸತ್ಯ; ಅದರ ಭಯವೂ ಸತ್ಯ. ಅದನ್ನು ಎಚ್ಚರದ ಆನೆಯೆಂದು ತಿಳಿಯುವುದಷ್ಟೇ ಭ್ರಾಂತಿ. ಅಂದಮೇಲೆ ಬೆವರಿ ಎದ್ದು ಕುಳಿತವನಿಗೆ ‘ನೀನು ಕಂಡದ್ದೇ ಸುಳ್ಳು’ ಎನ್ನುವುದು ಮಾಯಾವಾದಿಗಳಿಗೆ ಒಪ್ಪಬಹುದಾದ ಸಮಾಧಾನವೇ ಹೊರತು ನಮ್ಮದಲ್ಲ.

ಆದರೆ ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ತೋರಿಸುವವನು ಶ್ರೀಹರಿಯೇ ಆದಲ್ಲಿ, ಐದು ವರ್ಷದ ಕೂಸಿಗೆ ಅವನು ಅಂಥ ಘೋರವನ್ನು ಏಕೆ ತೋರಿಸಬೇಕು? ಕರ್ಮಾನುಸಾರವಾಗಿ ನಡೆಸುವ ಅವನಲ್ಲಿ ವೈಷಮ್ಯವಾಗಲಿ ನಿರ್ದಯೆಯಾಗಲಿ ಇಲ್ಲವೆಂದು ಸೂತ್ರಕಾರರೇ ಹೇಳಿದ್ದಾರೆ. ಕನಸಿನ ಅಲ್ಪದುಃಖದಲ್ಲಿಯೇ ದೊಡ್ಡ ಪ್ರಾರಬ್ಧವೊಂದು ಸವೆದುಹೋಗುತ್ತದೆ ಎನ್ನುವ ಹಿರಿಯರೂ ಇದ್ದಾರೆ. ಈ ಮಾತನ್ನು ನಾನು ಅಲ್ಲಗಳೆಯಲಾರೆ. ಆದರೆ ಅದು ತನ್ನ ಕನಸಿನ ವಿಷಯದಲ್ಲಿ ತಾನೇ ಹೇಳಿಕೊಳ್ಳತಕ್ಕ ಮಾತು. ನಡುಗುತ್ತಿರುವ ಇನ್ನೊಬ್ಬನಿಗೆ ‘ನಿನ್ನ ಕರ್ಮ’ ಎಂದು ಹೇಳತಕ್ಕದ್ದಲ್ಲ.

ಎಚ್ಚರದಲ್ಲಿ ಕಂಡ ಭಯವೇ ಕನಸಿನಲ್ಲಿ ಕೊಲ್ಲುವವನಾಗಿ, ಅಟ್ಟಿಸಿಕೊಂಡು ಬರುವ ಆನೆಯಾಗಿ, ಬೀಳುವ ಹಳ್ಳವಾಗಿ ತೋರುತ್ತದೆ ಎಂಬ ಭಾವ ಬೃಹದಾರಣ್ಯಕದಲ್ಲಿದೆ. ನಮ್ಮ ವರ್ತೂರಿನಲ್ಲಿ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. 2015ರಲ್ಲಿ ಕೆರೆಯ ನೊರೆ ಉಕ್ಕಿ ರಸ್ತೆಗೆ ಹಾರಿದುದನ್ನು ಕಂಡ ಮಕ್ಕಳು, ಬಿಳಿಯದೊಂದು ಬಂದು ಮನೆಯನ್ನು ನುಂಗಿತೆಂದು ರಾತ್ರಿ ಅತ್ತರೆ, ಅದಕ್ಕೆ ಬೇರೆ ಭೂತದ ಅವಶ್ಯಕತೆ ಏನಿದೆ?

ಮಕ್ಕಳು ಚೀರಿ ಏಳುವುದರಲ್ಲಿ ಎರಡು ಬಗೆಯುಂಟೆಂದು ವೈದ್ಯರು ವಿವೇಚಿಸಿದ್ದಾರೆ. ದುಃಸ್ವಪ್ನವು ಹೆಚ್ಚಾಗಿ ರಾತ್ರಿಯ ಉತ್ತರಾರ್ಧದಲ್ಲಿ ಬೀಳುವುದು. ಮಗು ಪೂರ್ಣವಾಗಿ ಎಚ್ಚರಗೊಂಡು ಕಂಡದ್ದನ್ನು ಹೇಳುವುದು. ಇನ್ನೊಂದು, ಮಲಗಿದ ಒಂದೆರಡು ಗಂಟೆಗಳಲ್ಲಿ ಗಾಢನಿದ್ರೆಯ ನಡುವೆಯೇ ಬರುವ ಭೀತಿ. ಕಣ್ಣು ತೆರೆದಿರುತ್ತದೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ; ಆದರೂ ಎದುರಿಗಿರುವ ತಾಯಿಯ ಗುರುತು ಹತ್ತುವುದಿಲ್ಲ. ಕೆಲವು ನಿಮಿಷಗಳಲ್ಲಿ ಶಾಂತವಾಗಿ, ಬೆಳಗಾದರೆ ಏನೂ ನೆನಪಿರುವುದಿಲ್ಲ. ಮೂರ್ಛೆಯನ್ನು ‘ಅರ್ಧಸಂಪತ್ತಿ’ ಎಂದು ಕರೆದ ಸೂತ್ರವು ಇದನ್ನು ಕಂಡಾಗಲೆಲ್ಲ ನನಗೆ ನೆನಪಾಗುತ್ತದೆ; ಇದೂ ಅತ್ತ ಎಚ್ಚರವಲ್ಲ, ಇತ್ತ ಸುಷುಪ್ತಿಯಲ್ಲ. ಜ್ವರ, ನಿದ್ರೆಗೇಡುಗಳಿಂದ ಇದು ಹೆಚ್ಚುತ್ತದೆ. ಕೆಲವು ಮನೆತನಗಳಲ್ಲಿ ಹರಿದುಬರುವುದೂ ಉಂಟು. ಮಗುವನ್ನು ಅಲುಗಾಡಿಸಿ ಎಬ್ಬಿಸದೆ, ಪೆಟ್ಟಾಗದಂತೆ ಕಾದು, ಮೆಲುದನಿಯಲ್ಲಿ ನಾಮಸ್ಮರಣೆ ಮಾಡುತ್ತ ಪಕ್ಕದಲ್ಲಿದ್ದರೆ ಸಾಕು. ಬೆಳೆದಂತೆ ಬಹುಪಾಲು ಮಕ್ಕಳಲ್ಲಿ ಅದು ತಾನಾಗಿ ನಿಲ್ಲುತ್ತದೆ. ವೈಟ್‌ಫೀಲ್ಡಿನ ರಾತ್ರಿಪಾಳಿಯವರಿರುವ ಮನೆಗಳಲ್ಲಿ ಮಕ್ಕಳೂ ಹನ್ನೆರಡರವರೆಗೆ ಮಲಗುವುದಿಲ್ಲ. ತಾಯಿತ ಕಟ್ಟಿಸುವ ಮೊದಲು ಮಗುವನ್ನು ಒಂಬತ್ತಕ್ಕೆ ಮಲಗಿಸಿ ನೋಡಬಹುದು.

ಹಾಗಾದರೆ ಸ್ವಪ್ನವು ಸೂಚಕವಲ್ಲವೇ ಎಂದು ಕೇಳಬಹುದು. ಸೂಚಕವೆಂದು ಸೂತ್ರವೇ ಹೇಳಿದೆ. ಕೇಕಯದಲ್ಲಿದ್ದ ಭರತನು ತಂದೆಯು ಪರ್ವತಶಿಖರದಿಂದ ಬಿದ್ದುದನ್ನು ಕನಸಿನಲ್ಲಿ ಕಂಡನು. ಗೆಳೆಯರ ವಿನೋದಗಳಿಂದ ಅವನ ಮನಸ್ಸು ತಿಳಿಯಾಗಲಿಲ್ಲ. ಅಷ್ಟರಲ್ಲಿ ಅಯೋಧ್ಯೆಯ ದೂತರು ಬಂದರು. ಆದರೆ ಕೆಲವು ಸ್ವಪ್ನಗಳು ಸೂಚಕವೆಂದ ಮಾತ್ರಕ್ಕೆ ಎಲ್ಲರ ಎಲ್ಲ ಕನಸುಗಳಿಗೂ ಅರ್ಥ ಹೇಳುವ ಅಧಿಕಾರ ನಮಗೆ ಬರುವುದಿಲ್ಲ. ಅನಿಷ್ಟಸ್ವಪ್ನಗಳನ್ನು ಎಣಿಸಿರುವ ಐತರೇಯ ಆರಣ್ಯಕವೇ ಪರಿಹಾರವನ್ನೂ ವಿಧಿಸಿದೆ: ಉಪವಾಸವಿದ್ದು, ಹಾಲಿನಲ್ಲಿ ಒಂದು ಪಾತ್ರೆ ಚರುವನ್ನು ಬೇಯಿಸಿ, ರಾತ್ರಿಸೂಕ್ತದ ಋಕ್ಕುಗಳಿಂದ ಹೋಮಿಸಿ, ಬ್ರಾಹ್ಮಣರಿಗೆ ಉಣಬಡಿಸಿ, ಉಳಿದುದನ್ನು ತಾನು ಭುಜಿಸುವುದು. ಒಂದು ಪಾತ್ರೆ ಹಾಲನ್ನ! ಇದನ್ನು ಓದಿದ ಮೇಲೂ ಬೆದರಿದವನ ಕೈಯಲ್ಲಿ ಸಾವಿರಾರು ರೂಪಾಯಿಗಳ ಶಾಂತಿಯ ಪಟ್ಟಿಯನ್ನಿಡುವುದು ನಮ್ಮ ವೃತ್ತಿಗೆ ಭೂಷಣವಲ್ಲ. ಅರ್ಚಕರ ಮನೆಯಲ್ಲಿ ಹುಟ್ಟಿದವನಾದುದರಿಂದ ಈ ಮಾತನ್ನು ಇನ್ನಷ್ಟು ಬಲವಾಗಿ ಹೇಳುತ್ತೇನೆ.

ಇಂಥ ಪಟ್ಟಿಯೊಂದನ್ನು ಹಿಡಿದು ಒಬ್ಬ ಗೃಹಸ್ಥರು ನಮ್ಮಲ್ಲಿಗೆ ಬಂದಿದ್ದರು. ಅವರ ತಂದೆ 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಎಷ್ಟೋ ಮೃತರ ಅಸ್ಥಿಯನ್ನು ಪಡೆಯಲು ಯಾರೂ ಬಾರದೆ, ಜೂನ್ ತಿಂಗಳಲ್ಲಿ ಸರ್ಕಾರವೇ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಬೇಕಾಗಿ ಬಂದ ಕಾಲವದು. ಇವರು ಅಸ್ಥಿಯನ್ನು ಪಡೆದರು, ಅಪರಕರ್ಮವನ್ನೂ ಯಥಾವತ್ತಾಗಿ ನಡೆಸಿದರು. ಮುಖವನ್ನು ಮಾತ್ರ ನೋಡಲಾಗಲಿಲ್ಲ. ಅಂದಿನಿಂದ, ಮುಖ ಮುಚ್ಚಿದ ತಂದೆ ಬಾಗಿಲಲ್ಲಿ ನಿಂತು ನೀರು ಕೇಳುವ ಕನಸು ಬೀಳುತ್ತಿತ್ತು. “ಆಚಾರ್ಯರೇ, ಅಪ್ಪನಿಗೆ ಪ್ರೇತತ್ವ ಹೋಗಿಲ್ಲವೇ?” ಎಂದು ಕೇಳುವಾಗ ಅವರ ಧ್ವನಿ ಒಡೆದಿತ್ತು.

ವಿಧಿಪೂರ್ವಕ ಸಪಿಂಡೀಕರಣವಾದ ಮೇಲೆ ಕನಸಿನ ಸಾಕ್ಷ್ಯದಿಂದ ಅದನ್ನು ಶಂಕಿಸಲಾಗದು ಎಂದೆ. ಆ ಮುಚ್ಚಿದ ಮುಖವು ಅವರ ಕಣ್ಣೇ ಅಂದು ಹೊತ್ತುತಂದ ಸಂಸ್ಕಾರ. ಮರುಕಳಿಸುವ ಕನಸಿನ ಕೊನೆಯನ್ನು ಹಗಲಿನಲ್ಲಿ ಎಚ್ಚರವಿದ್ದಾಗಲೇ ಬೇರೆಯಾಗಿ ಭಾವಿಸಿಕೊಂಡು, ದಿನವೂ ಅದನ್ನು ಮನನ ಮಾಡುವ ಒಂದು ಚಿಕಿತ್ಸೆಯುಂಟು. ಅಮೆರಿಕದ ವೈದ್ಯ ಬ್ಯಾರಿ ಕ್ರಾಕೋ ಮತ್ತು ಸಂಗಡಿಗರು 2001ರಲ್ಲಿ, ದೌರ್ಜನ್ಯಕ್ಕೊಳಗಾಗಿ ದುಃಸ್ವಪ್ನಗಳಿಂದ ನರಳುತ್ತಿದ್ದ 168 ಸ್ತ್ರೀಯರ ಅಧ್ಯಯನದಿಂದ, ಈ ಕ್ರಮವನ್ನು ಅನುಸರಿಸಿದವರಲ್ಲಿ ಅವು ತಗ್ಗಿದುದನ್ನು ತೋರಿಸಿದರು. ಮನಸ್ಸಿನ ಸಂಸ್ಕಾರವೇ ಸ್ವಪ್ನಕ್ಕೆ ಸಾಮಗ್ರಿಯೆನ್ನುವ ನಮಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಕುಗ್ಗದಿದ್ದಲ್ಲಿ ನಿಮ್ಹಾನ್ಸ್‌ಗೆ ಹೋಗಲು ಸಂಕೋಚಪಡಬಾರದೆಂದೂ, ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಕೆಟ್ಟ ಕನಸು ಬೀಳಬಹುದಾದ್ದರಿಂದ ತಮ್ಮ ವೈದ್ಯರನ್ನು ಕೇಳಬೇಕೆಂದೂ ತಿಳಿಸಿದೆ.

“ಅಮಾವಾಸ್ಯೆಯ ತರ್ಪಣದಲ್ಲಿ ನೀರು ಕೊಡುತ್ತಲೇ ಇದ್ದೀರಲ್ಲ, ಕೊಡುವಾಗ ತಂದೆಯ ಮುಖವನ್ನು ನೆನೆಯಿರಿ, ಮುಚ್ಚಿದ್ದನ್ನಲ್ಲ, ಊಟಕ್ಕೆ ಕುಳಿತಾಗಿನದನ್ನು” ಎಂದು ನಮ್ಮ ತೀರ್ಥರೂಪರು ಸೇರಿಸಿದರು. ನಾವು ನಿದ್ರಿಸುವಾಗ ಕಂಠದಲ್ಲಿ ತೈಜಸರೂಪಿಯಾಗಿ ಶ್ರೀಹರಿಯಿದ್ದಾನೆ. ದಿನಕ್ಕೆ 21,600 ಬಾರಿ ಶ್ವಾಸರೂಪದ ಹಂಸಮಂತ್ರವನ್ನು ಜಪಿಸುವ ಮುಖ್ಯಪ್ರಾಣನು ರಾತ್ರಿಯೂ ಮಲಗುವುದಿಲ್ಲ. ಎದ್ದೊಡನೆ ದೀಪ ಹಚ್ಚುವ ಮೊದಲು ನಿಮ್ಮ ಉಸಿರನ್ನು ಗಮನಿಸಿರಿ, ಕಾವಲಿರುವವನು ಅಲ್ಲಿದ್ದಾನೆ ಎಂದೂ ಹೇಳಿ ಕಳುಹಿಸಿದರು.

ಅವರು ಪುನಃ ಬಂದದ್ದು ಮೂರು ಅಮಾವಾಸ್ಯೆಗಳಾದ ಮೇಲೆ. ಕನಸು ಪೂರ್ತಿ ನಿಂತಿಲ್ಲವೆಂದರು. ಆದರೆ ತಂದೆ ಈಗ ಬಾಗಿಲಲ್ಲಿ ನಿಲ್ಲುವುದಿಲ್ಲವಂತೆ. ಒಳಗೆ ಬಂದು ಮಣೆಯ ಮೇಲೆ ಕುಳಿತುಕೊಳ್ಳುತ್ತಾರಂತೆ.

॥ ಶ್ರೀಕೃಷ್ಣಾರ್ಪಣಮಸ್ತು ॥