ಕೇಳುವವರು ನಾಲ್ಕೇ ಮಂದಿಯಾದರೆ

ಮೊಹರಮ್‌ನ ರಾತ್ರಿ. ಕಾಗಿನೆಲೆ, ಬ್ಯಾಡಗಿ ಸುತ್ತಿನ ಹಳ್ಳಿಯೊಂದರಲ್ಲಿ ಅಲಾವಿ ಕುಣಿಯ ಮುಂದೆ ಹತ್ತು ಹನ್ನೆರಡು ಗಂಡಸರು ದುಂಡಗೆ ನಿಂತಿರುತ್ತಾರೆ. ಕೈಯಲ್ಲಿ ಕರವಸ್ತ್ರ, ಕಾಲಲ್ಲಿ ಗೆಜ್ಜೆ, ಬದಿಗೆ ಹಲಗಿ. ಒಬ್ಬ ಪದ ಎತ್ತುತ್ತಾನೆ. ಉಳಿದವರು ಹೆಜ್ಜೆ ಹಾಕುತ್ತ ಅದನ್ನು ಹಿಡಿದು ತಿರುಗಿಸುತ್ತಾರೆ. ಕ್ರಿ.ಶ. 680ರಲ್ಲಿ ಯೂಫ್ರೆಟಿಸ್ ನದಿಯ ಬಳಿ ನೀರಿಲ್ಲದೆ ಮಡಿದವರ ಕಥೆ ಧಾರವಾಡ ಸೀಮೆಯ ಕನ್ನಡದಲ್ಲಿ ಬಿಚ್ಚಿಕೊಳ್ಳುತ್ತದೆ. ಇದು ಹೆಜ್ಜೆ ಮೇಳ. ಅವರು ಹಾಡುವುದು ರಿವಾಯತ್ ಪದ. ರಿವಾಯತ್ ಎಂದರೆ ಒಬ್ಬರಿಂದ ಒಬ್ಬರಿಗೆ ತಲುಪಿ ಬಂದ ವೃತ್ತಾಂತ. ಮೇಳದಲ್ಲಿ ಮುಸ್ಲಿಮರೊಂದಿಗೆ ಬೇರೆ ಬೇರೆ ಜಾತಿಯವರೂ ಇರುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿಯೂ ಉತ್ತರ ಕರ್ನಾಟಕದಲ್ಲಿ ಅಲಾವಿ ಹಬ್ಬ ನಡೆಯುತ್ತದೆ.

ಈ ಹಾಡುಗಾರರ ಹೆಸರು ಎಷ್ಟು ಜನರಿಗೆ ಗೊತ್ತು? ಪಕ್ಕದ ನಾಲ್ಕು ಊರಿಗೆ ಗೊತ್ತಿದ್ದರೆ ಹೆಚ್ಚು. ಆದರೆ ಆ ನಾಲ್ಕು ಊರಿನಲ್ಲಿ ಕೆಲವರಿದ್ದಾರೆ. ಮೇಳ ಎಲ್ಲಿ ಹೋದರೂ ಹಿಂದೆಯೇ ಹೋಗುವವರು, ಒಂದು ನುಡಿ ತಪ್ಪಿದರೆ ಕೂತಲ್ಲಿಂದಲೇ ತಿದ್ದುವವರು, ಬೆಳಕು ಹರಿಯುವವರೆಗೂ ಏಳದವರು. ಜಗತ್ತಿನ ಲೆಕ್ಕದಲ್ಲಿ ಈ ಮೇಳ ಸೋತಿದೆ. ಈ ಕೆಲವರ ಲೆಕ್ಕದಲ್ಲಿ ಅದಕ್ಕೆ ಸಾಟಿಯಿಲ್ಲ. ಯಾವ ಲೆಕ್ಕ ಸರಿ? ಕಲೆಯ ಬೆಲೆಯನ್ನು ತಲೆ ಎಣಿಸಿ ಹೇಳಬಹುದೇ?

ಈ ಪ್ರಶ್ನೆ ನಮ್ಮ ಸೀಮೆಗೆ ಮಾತ್ರ ಸೇರಿದ್ದಲ್ಲ. 1960ರ ದಶಕದಲ್ಲಿ ಜರ್ಮನಿಯಲ್ಲಿ ಸೇನಾ ಸೇವೆಗೆ ಬಂದಿದ್ದ ಐವರು ಅಮೆರಿಕನ್ ಯುವಕರು 'ದಿ ಮಾಂಕ್ಸ್' ಎಂಬ ತಂಡ ಕಟ್ಟಿದರು. ಕ್ರೈಸ್ತ ಸನ್ಯಾಸಿಗಳಂತೆ ನಡುನೆತ್ತಿ ಬೋಳಿಸಿ, ಕಪ್ಪು ಉಡುಗೆ ತೊಟ್ಟು, ಕೊರಳಿಗೆ ಹಗ್ಗ ಸುತ್ತಿಕೊಂಡು ವೇದಿಕೆ ಏರುತ್ತಿದ್ದರು. ಕಾರು ನಿಲ್ಲಿಸುವ ಶೆಡ್ಡುಗಳಲ್ಲಿ ಹುಡುಗರು ನುಡಿಸುತ್ತಿದ್ದ ಒರಟು ಸಂಗೀತಕ್ಕೆ ಮುಂದೆ ಗ್ಯಾರೇಜ್ ಪಂಕ್ ಎಂಬ ಹೆಸರು ಬಂತು. ಮಾಂಕ್ಸ್ ಅದರ ಪೂರ್ವಿಕರು. 1966ರಲ್ಲಿ ಅವರ ಒಂದೇ ಒಂದು ಆಲ್ಬಮ್ ಜರ್ಮನಿಯಲ್ಲಿ ಬಂತು. ಅವರ ಸ್ವಂತ ದೇಶದಲ್ಲಿ ಆಗ ಅದು ಬಿಡುಗಡೆಯನ್ನೂ ಕಾಣಲಿಲ್ಲ. 1967ರಲ್ಲಿ ತಂಡ ಒಡೆಯಿತು. ಆದರೆ ಆ ಒಂದು ತಟ್ಟೆಯನ್ನು ಕೆಲವರು ಕೈಬಿಡಲಿಲ್ಲ. ದಶಕಗಳ ಬಳಿಕ ಅದು ಮತ್ತೆ ಅಚ್ಚಾಯಿತು. 1999ರಲ್ಲಿ ಮುದುಕರಾಗುತ್ತಿದ್ದ ಅದೇ ಗೆಳೆಯರು ಮತ್ತೆ ಕೂಡಿ ನ್ಯೂಯಾರ್ಕ್‌ನಲ್ಲಿ ನುಡಿಸಿದರು. ಮೂವತ್ತೆರಡು ವರ್ಷ ಅವರ ಹಾಡನ್ನು ಕಾದವರು ಬೆರಳೆಣಿಕೆಯ ಕೇಳುಗರು.

ನಮ್ಮಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವಿದೆ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರು (1819-1889) ರಿವಾಯತ್ ಪದಗಳನ್ನೂ ಕಟ್ಟಿದವರು. ಬ್ರಾಹ್ಮಣ ಗುರು ಗೋವಿಂದ ಭಟ್ಟರಿಗೆ ಶಿಷ್ಯರಾದ ಅವರನ್ನು ಎರಡೂ ಕಡೆಯ ಜನ ಸುಲಭವಾಗಿ ಒಪ್ಪಲಿಲ್ಲ. ಅವರ ಪದಗಳು ಬಹುಕಾಲ ಉಳಿದದ್ದು ಭಜನಾ ಮೇಳದವರ ನಾಲಿಗೆಯ ಮೇಲೆ. 1990ರಲ್ಲಿ ಟಿ.ಎಸ್. ನಾಗಾಭರಣರ ಚಲನಚಿತ್ರ, ಸಿ. ಅಶ್ವತ್ಥರ ಸಂಗೀತ ಬಂದ ಮೇಲೆ ನಾಡಿನ ಮನೆಮನೆಗೆ ಶರೀಫರು ತಲುಪಿದರು. ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿಯೂ ಸಿಕ್ಕಿತು. ಶರೀಫರು ತೀರಿಕೊಂಡು ನೂರು ವರ್ಷ ಕಳೆದಿತ್ತು. ಅಶ್ವತ್ಥರನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಆ ನೂರು ವರ್ಷ ಪದಗಳನ್ನು ಕಾದುಕೊಟ್ಟ ಹೆಸರಿಲ್ಲದ ಭಜನೆಯವರನ್ನು ಯಾರು ನೆನೆಯುತ್ತಾರೆ? ಅವರು ಒಂದು ತಲೆಮಾರು ಬೇಸತ್ತು ಕೈಬಿಟ್ಟಿದ್ದರೆ ಅಶ್ವತ್ಥರಿಗೆ ಹಾಡಲು ಏನು ಉಳಿಯುತ್ತಿತ್ತು? ಇಸ್ಲಾಮ್ 'ಅಮಾನತ್' ಎನ್ನುತ್ತದೆ: ನಂಬಿ ಒಪ್ಪಿಸಿದ ವಸ್ತುವನ್ನು ಕೆಡದಂತೆ ಕಾದು, ಸೇರಬೇಕಾದವರಿಗೆ ಸೇರಿಸುವುದು. ಆ ಭಜನೆಯವರು ಮಾಡಿದ್ದು ಅದನ್ನೇ.

ಹಾಗಾದರೆ ಖ್ಯಾತಿ ಇಲ್ಲದಿದ್ದರೇನು, ನಿಜವಾದ ಕಲೆ ತಾನಾಗಿ ಉಳಿಯುತ್ತದೆ ಎಂದು ಸಮಾಧಾನ ಪಡಬಹುದೇ? ಇಲ್ಲಿ ಕಾಗಿನೆಲೆಯ ಕವಿಯನ್ನು ಕೇಳಬೇಕು. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಹಿರಿಯರೆಂದು ಜಗಳವಾಗುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ಬಾಗಿಲು ತೆರೆದಾಗ ಭತ್ತ ಕಳೆಗುಂದಿದೆ, ರಾಗಿ ಗಟ್ಟಿಯಾಗಿದೆ. ರಾಗಿಗೆ ಶ್ರೀರಾಮನ ಮನ್ನಣೆ ಸಿಗುತ್ತದೆ. ಉಳ್ಳವರ ತಟ್ಟೆಯ ಹೊಳಪು ಬೆಲೆಯ ಅಳತೆಯಲ್ಲ, ಬಾಳಿಕೆಯೇ ಅಳತೆ ಎಂದು ಈ ಕಥೆಯನ್ನು ಓದುವುದುಂಟು. ಅದು ಸರಿಯೇ. ಆದರೆ ಇನ್ನೊಂದು ಸಂಗತಿ ಗಮನಿಸಿ. ಗೆದ್ದ ರಾಗಿಯೂ ಆರು ತಿಂಗಳು ಸೆರೆಯಲ್ಲಿಯೇ ಇತ್ತು. ಬಾಗಿಲು ಎಂದೂ ತೆರೆಯದಿದ್ದರೆ? ತಾನಾಗಿ ಉಳಿದದ್ದರ ಲೆಕ್ಕ ನಮಗೆ ಸಿಗುತ್ತದೆ. ಉಳಿಯದೆ ಹೋದದ್ದರ ಲೆಕ್ಕ ಯಾರಲ್ಲಿಯೂ ಇರುವುದಿಲ್ಲ. ಆದ್ದರಿಂದ 'ಒಳ್ಳೆಯದು ಉಳಿದೇ ಉಳಿಯುತ್ತದೆ' ಎಂಬ ಮಾತು ನಮ್ಮ ಸೋಮಾರಿತನಕ್ಕೆ ನಾವು ಹೊದಿಸಿದ ಶಾಲು.

ಇನ್ನೊಂದು ಶಾಲೂ ಇದೆ. 'ಅವರು ಹೆಸರಿಗಾಗಿ ಹಾಡುವವರಲ್ಲ, ಭಕ್ತಿಯಿಂದ ಹಾಡುವವರು' ಎನ್ನುತ್ತೇವೆ. ತೋರಿಕೆಗಾಗಿ ಮಾಡುವ ಸತ್ಕರ್ಮವನ್ನು ಇಸ್ಲಾಮ್ 'ರಿಯಾ' ಎಂದು ಕರೆದು ಎಚ್ಚರಿಸುತ್ತದೆ, ನಿಯ್ಯತ್ತಿಗೆ ಮೊದಲ ಸ್ಥಾನ ಕೊಡುತ್ತದೆ. ಅದು ಮಾಡುವವನು ತನ್ನ ಎದೆಯನ್ನು ತಾನೇ ನೋಡಿಕೊಳ್ಳಲು ಇರುವ ಕನ್ನಡಿ. ಹಗಲು ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತು, ಘಾಟು ಕುಡಿದ ಗಂಟಲಿನಲ್ಲಿ ರಾತ್ರಿಯಿಡೀ ಪದ ಹಾಡುವ ಹಮಾಲನಿಗೆ 'ನಿನಗೆ ಬಿರುದು ಯಾಕೆ, ಸಂಭಾವನೆ ಯಾಕೆ' ಎಂದು ಕೇಳಲು ಅದನ್ನು ಬಳಸಬಾರದು. ಖ್ಯಾತಿ ಬೇಡ ಎನ್ನುವ ಹಕ್ಕು ಹಾಡುವವನಿಗಿದೆ. ಅವನಿಗೆ ಖ್ಯಾತಿ ಬೇಕಿಲ್ಲ ಎನ್ನುವ ಹಕ್ಕು ನಮಗಿಲ್ಲ.

ರಿವಾಯತ್ ಹಾಡುಗಾರರ ಸ್ಥಿತಿ ಇನ್ನೂ ಸೂಕ್ಷ್ಮ. ಅವರನ್ನು ಪೂರ್ತಿಯಾಗಿ 'ನಮ್ಮವರು' ಎನ್ನುವವರೇ ಕಡಿಮೆ. ಮುಸ್ಲಿಮರಲ್ಲಿ ಅನೇಕರು ಅಲಾವಿ ಕುಣಿ, ಕೆಂಡ, ಕುಣಿತ ಇವೆಲ್ಲ ಧರ್ಮದಲ್ಲಿಲ್ಲ, ಆಶೂರಾ ದಿನಕ್ಕೆ ಉಪವಾಸವೇ ಯೋಗ್ಯ ಎನ್ನುತ್ತಾರೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆರಾಧನೆ ಯಾವುದು, ಯಾವುದಲ್ಲ ಎಂದು ತಿಳಿಸುವುದು ವಿದ್ವಾಂಸರ ಹೊಣೆ. ಆದರೆ 'ಇದು ಇಬಾದತ್ ಅಲ್ಲ' ಎನ್ನುವುದು ಬೇರೆ, 'ಇದಕ್ಕೆ ಬೆಲೆಯೇ ಇಲ್ಲ' ಎನ್ನುವುದು ಬೇರೆ. ಇಮಾಮ್ ಹುಸೈನರ ಹೆಸರು ಹೇಳಿ ಕಣ್ಣೀರಿಡುವ ಲಿಂಗಾಯತ ಅಥವಾ ಕುರುಬ ಅಜ್ಜನೊಬ್ಬ ನಮ್ಮ ಫತ್ವಾ ಕೇಳಿ ಹಾಡುತ್ತಿಲ್ಲ. ಅನ್ಯಾಯದ ದೊರೆಗೆ ತಲೆಬಾಗದ ಒಬ್ಬನ ಕಥೆ ಅವನ ಎದೆಗೆ ತಾಕಿದೆ, ಅಷ್ಟೆ. ಅತ್ತ ಕಡೆಯಿಂದ 'ಅವರ ಹಬ್ಬ ನಿಮಗೇಕೆ' ಎಂದು ಆ ಅಜ್ಜನನ್ನು ಕೇಳುವವರೂ ಹುಟ್ಟಿಕೊಂಡಿದ್ದಾರೆ. ಎರಡೂ ಕಡೆಯಿಂದ ಬಾಗಿಲು ಮುಚ್ಚಿದರೆ ಹಾಡು ನಡುಬೀದಿಯಲ್ಲಿ ಸಾಯುತ್ತದೆ.

ಜಾನಪದ ಉತ್ಸವಗಳಿವೆಯಲ್ಲ ಎನ್ನಬಹುದು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿಯೇ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾಗಿದೆ. ಸಂಗ್ರಹ, ಅಧ್ಯಯನ ಬೇಕೇಬೇಕು. ಆದರೆ ಇಡೀ ರಾತ್ರಿಯ ಕಥೆಯನ್ನು ವೇದಿಕೆಯ ಹತ್ತು ನಿಮಿಷಕ್ಕೆ ಕತ್ತರಿಸಿದಾಗ ಉಳಿಯುವುದು ಬಣ್ಣದ ಕರವಸ್ತ್ರ ಮಾತ್ರ. ಕರ್ಬಲಾ ಅಲ್ಲಿರುವುದಿಲ್ಲ.

ಕೊನೆಗೆ ಆ ಹಾಡಿನೊಳಗಿನ ಕಥೆಯೇ ನಮ್ಮ ಪ್ರಶ್ನೆಗೆ ಉತ್ತರ ಕೊಡುತ್ತದೆ. ಕರ್ಬಲಾದಲ್ಲಿ ಹುಸೈನರ ಜೊತೆಗಿದ್ದವರು ಎಪ್ಪತ್ತೆರಡು ಮಂದಿ ಎಂದು ಪರಂಪರೆ ಹೇಳುತ್ತದೆ. ಎದುರಿಗೆ ಸಾವಿರಾರು ಜನರ ಸೈನ್ಯ. ಅಂದು ತಲೆ ಎಣಿಸಿದವನು ಯಝೀದನೇ ಗೆದ್ದನೆಂದು ಬರೆದಿರುತ್ತಿದ್ದ. ಎಣಿಕೆಯಲ್ಲಿ ಸೋತವರ ಕಥೆಯನ್ನು ಸಾವಿರದ ಮುನ್ನೂರು ವರ್ಷ ದಾಟಿಸಿ ಕಾಗಿನೆಲೆಯ ಮಣ್ಣಿನವರೆಗೆ ತಂದವರು ಸುಲ್ತಾನರಲ್ಲ, ಇಂಥ ಹಾಡುಗಾರರು ಮತ್ತು ಅವರ ನಾಲ್ಕು ಮಂದಿ ಕೇಳುಗರು.

ಚಾಂದ್ರಮಾನದ ಲೆಕ್ಕದಲ್ಲಿ ಮೊಹರಮ್ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಒಮ್ಮೆ ಮಳೆಯಲ್ಲಿ, ಒಮ್ಮೆ ಸುಗ್ಗಿಯಲ್ಲಿ, ಒಮ್ಮೆ ಸುಡುಬಿಸಿಲಿನಲ್ಲಿ ಬರುತ್ತದೆ. ಮುಂದಿನ ಬಾರಿ ಅದು ಯಾವ ಕಾಲದಲ್ಲಿ ಬಂದರೂ ಒಂದು ರಾತ್ರಿ ಹೋಗಿ ಕುಳಿತುಕೊಳ್ಳೋಣ. ನಂಬಿಕೆ ನಮ್ಮಲ್ಲೇ ಇರಲಿ, ಕಿವಿಯನ್ನು ಕೊಡೋಣ. ಹಾಡಿದವನ ಹೆಸರು ಕೇಳಿ ತಿಳಿದುಕೊಳ್ಳೋಣ. ಸತ್ತ ನೂರು ವರ್ಷದ ಮೇಲೆ ಕೊಡುವ ಹಾರಕ್ಕಿಂತ, ಬದುಕಿರುವಾಗ ಕೇಳುವ ಐದನೆಯವನಾಗುವುದು ಮೇಲು.